ಜಿಎಸ್‌ಟಿ ಕೇಸಲ್ಲಿ ಒಳಗೆ ಹೋದವರಿಗೆ ಬೇಲ್ ಸಿಗೋದೇ ಇಲ್ವಾ?

ಪೀಣ್ಯದವ:
ನಮ್ಮ ಭಾವನದು ಗುಜರಿ ವ್ಯಾಪಾರ. ಮಾಲೇ ಬರದೆ ಬರೀ ಬಿಲ್ ಮೇಲೆ ಇನ್‌ಪುಟ್ ಕ್ರೆಡಿಟ್ (ಮಾಲು ಕೊಂಡಾಗ ಕೊಟ್ಟ ತೆರಿಗೆಯನ್ನು ನಾವು ಕಟ್ಟೋ ತೆರಿಗೆಯಲ್ಲಿ ಕಳೆಯೋದು) ತಗೊಂಡಿದ್ದಾರೆ ಅಂತ ಹೋದ ವಾರ ಅರೆಸ್ಟ್ ಮಾಡಿದರು. 6 ಕೋಟಿ ಅಂತೆ. ‘ನಾನ್ ಬೇಲಬಲ್, ದುಡ್ಡು ಕಟ್ಟೋವರೆಗೂ ಹೊರಗೆ ಬಿಡಲ್ಲ’ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ. ಅಕ್ಕನೂ ಪಾರ್ಟ್ನರ್, ಅವಳಿಗೂ ಸಮನ್ಸ್ ಬಂದಿದೆ. ದಯವಿಟ್ಟು ಗೊತ್ತಿರೋರು ಹೇಳಿ.

ಹುಬ್ಬಳ್ಳಿ ವಕೀಲ:
ನಾನ್ ಬೇಲಬಲ್ ಅಂದರೆ ಬೇಲೇ ಇಲ್ಲ ಅಂತಲ್ಲ ಸರ್, ಕೋರ್ಟ್ ಯೋಚಿಸಿ ಕೊಡಬೇಕು ಅಂತ, ಅಷ್ಟೆ. ಸಿಜಿಎಸ್‌ಟಿ (ಕೇಂದ್ರ ಜಿಎಸ್‌ಟಿ) ಕಾಯ್ದೆಯ 132ನೇ ಸೆಕ್ಷನ್‌ನಲ್ಲಿ 5 ಕೋಟಿ ದಾಟಿದರೂ ಶಿಕ್ಷೆ ಹೆಚ್ಚೆಂದರೆ 5 ವರ್ಷ. 2025ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಒಂದು ಕೇಸ್ ಸುಪ್ರೀಂ ಕೋರ್ಟ್‌ಗೆ ಬಂತು. ಆರೋಪಿ ಸುಮಾರು 7 ತಿಂಗಳಿಂದ ಒಳಗಿದ್ದರು, ಚಾರ್ಜ್‌ಶೀಟೂ ಆಗಿತ್ತು, ಆದರೂ ಹೈಕೋರ್ಟ್‌ವರೆಗೆ ಎಲ್ಲೂ ಬೇಲ್ ಸಿಕ್ಕಿರಲಿಲ್ಲ. ಇಂಥ ಕೇಸಲ್ಲಿ ತೀರಾ ವಿಶೇಷ ಕಾರಣ ಇಲ್ಲದಿದ್ದರೆ ಕೆಳಗಿನ ಕೋರ್ಟಲ್ಲೇ ಬೇಲ್ ಸಿಗಬೇಕು ಅಂತ ಕೋರ್ಟ್ ಹೇಳಿತು. ಆ ಆದೇಶದ ಪ್ರತಿ ನಿಮ್ಮ ವಕೀಲರಿಗೆ ಕೊಡಿ.

ಇನ್ನೊಂದು, ರಿಮಾಂಡ್ ಆದ, ಅಂದರೆ ಕೋರ್ಟ್ ಕಸ್ಟಡಿಗೆ ಕಳಿಸಿದ ದಿನದಿಂದ ಲೆಕ್ಕ ಇಡಿ. 60 ದಿನದಲ್ಲಿ ಇಲಾಖೆ ಕೋರ್ಟಿಗೆ ದೂರು (ಚಾರ್ಜ್‌ಶೀಟ್ ಇದ್ದ ಹಾಗೆ) ಹಾಕದಿದ್ದರೆ ಬೇಲ್ ನಿಮ್ಮ ಹಕ್ಕು. ಆದರೆ ತಡ ಮಾಡದೆ ಅರ್ಜಿ ಹಾಕಬೇಕು, ಅವರು ಮೊದಲು ದೂರು ಹಾಕಿಬಿಟ್ಟರೆ ಆ ಹಕ್ಕು ಹೋಯಿತು.

ಅಂಗಡಿ ಮಾಲೀಕ:
ನಿಮ್ಮ ಭಾವನ ಬಗ್ಗೆ ನಾನು ಏನೂ ಹೇಳಲ್ಲ. ಆದರೆ ಈ ಬಿಲ್ ದಂಧೆಯವರಿಂದ ನಿಯತ್ತಾಗಿ ವ್ಯಾಪಾರ ಮಾಡೋರು ಸಾಯುತ್ತಿದ್ದೇವೆ. ಮಾರಿದವನು ತೆರಿಗೆ ಕಟ್ಟದಿದ್ದರೆ ನಮ್ಮ ಕ್ರೆಡಿಟ್ ಹೋಗುತ್ತೆ, ನಾವು ಅವನಿಗೆ ತೆರಿಗೆ ಸೇರಿಸಿಯೇ ದುಡ್ಡು ಕೊಟ್ಟಿದ್ದರೂ ಮತ್ತೆ ಕಟ್ಟಬೇಕು. ಹೊರಗೆ ಬಂದವನು ಯಾರೋ ಕೂಲಿಯವನ ಆಧಾರ್ ಇಟ್ಟುಕೊಂಡು ಹೊಸ ಫರ್ಮ್ ತೆಗೆದರೆ? ಆರ್ಥಿಕ ಅಪರಾಧವನ್ನು ಬೇರೆಯಾಗಿಯೇ ನೋಡಬೇಕು ಅಂತ 2013ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆಯಲ್ವಾ?

ಹುಬ್ಬಳ್ಳಿ ವಕೀಲ:
ಹೇಳಿದೆ, ನಿಮ್ಮ ಸಿಟ್ಟೂ ನ್ಯಾಯವಾದದ್ದೇ. ಅದಕ್ಕೇ ಪಾಸ್‌ಪೋರ್ಟ್ ಒಪ್ಪಿಸಬೇಕು, ಸಾಕ್ಷಿಗಳ ಹತ್ತಿರ ಹೋಗಬಾರದು ಅಂತೆಲ್ಲ ಷರತ್ತು ಹಾಕುವುದು. ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್, ಇ-ವೇ ಬಿಲ್ (ಮಾಲು ಸಾಗಿಸುವಾಗಿನ ಆನ್‌ಲೈನ್ ದಾಖಲೆ) ಎಲ್ಲ ಇಲಾಖೆಯ ಕೈಗೆ ಬಂದ ಮೇಲೂ, ತಪ್ಪು ಸಾಬೀತಾಗುವ ಮುಂಚೆಯೇ ಮನುಷ್ಯನನ್ನು ಜೈಲಲ್ಲಿ ಕೊಳೆಸಿದರೆ ನಿಮ್ಮ ಕ್ರೆಡಿಟ್ ವಾಪಸ್ ಬರುತ್ತಾ?

ಪೀಣ್ಯದ ಸರ್, ಅಕ್ಕನ ವಿಷಯ ಇವತ್ತೇ ನೋಡಿ. ಜಿಎಸ್‌ಟಿ ಕೇಸಲ್ಲೂ ನಿರೀಕ್ಷಣಾ ಜಾಮೀನು, ಅಂದರೆ ಅರೆಸ್ಟ್‌ಗೆ ಮುಂಚೆಯೇ ಬೇಲ್ ಕೇಳಬಹುದು, ಎಫ್‌ಐಆರ್ ಆಗಿರಲೇಬೇಕು ಅಂತಿಲ್ಲ ಅಂತ 2025ರ ಫೆಬ್ರವರಿ 27ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಅರೆಸ್ಟ್ ಮಾಡ್ತೀವಿ ಅಂತ ಹೆದರಿಸಿ ದುಡ್ಡು ಕಟ್ಟಿಸಿಕೊಳ್ಳುವಂತಿಲ್ಲ ಅಂತಲೂ ಅದೇ ತೀರ್ಪಿನಲ್ಲಿದೆ. ಹಾಗಂತ ಸಮನ್ಸ್ ತಪ್ಪಿಸಬೇಡಿ, ದಾಖಲೆ ತಗೊಂಡು ಹೋಗಲಿ.

ಪೀಣ್ಯದವ:
ತುಂಬಾ ಥ್ಯಾಂಕ್ಸ್ ಸರ್. ಈಗಲೇ ವಕೀಲರಿಗೆ ಫೋನ್ ಮಾಡುತ್ತೇನೆ.