‘ಥ್ಯಾಂಕ್‌ಫುಲಿ’ ಎಂದಾಗ ಕೃತಜ್ಞತೆ ಯಾರಿಗೆ?

ಕಳೆದ ವಾರ ವರದಿಯೊಂದರ ಅನುವಾದವನ್ನು ತಿದ್ದುತ್ತಿದ್ದಾಗ ‘ಬಸ್ಸು ಹಳ್ಳಕ್ಕೆ ಉರುಳಿತು, ಕೃತಜ್ಞತಾಪೂರ್ವಕವಾಗಿ ಯಾರಿಗೂ ಗಾಯವಾಗಲಿಲ್ಲ’ ಎಂಬ ವಾಕ್ಯ ಕಣ್ಣಿಗೆ ಬಿತ್ತು. ಮೂಲದಲ್ಲಿದ್ದ ಪದ ‘ಥ್ಯಾಂಕ್‌ಫುಲಿ’. ಅನುವಾದಕರು ನಿಘಂಟನ್ನು ನೋಡಿಯೇ ಬರೆದಿರಬೇಕು; ಆದರೆ ಓದುವವರಿಗೆ ಪ್ರಯಾಣಿಕರೆಲ್ಲ ಕೈಮುಗಿದುಕೊಂಡೇ ಗಾಯದಿಂದ ಪಾರಾದಂತೆ ತೋರುತ್ತದೆ. ನಾನು ಅದನ್ನು ಹೊಡೆದುಹಾಕಿ ‘ಸದ್ಯ’ ಎಂದು ಬರೆದೆ.

ತೊಡಕಿರುವುದು ‘ಕೃತಜ್ಞ’ ಎಂಬ ಪದದ ರಚನೆಯಲ್ಲಿಯೇ. ಕೃತವನ್ನು, ಎಂದರೆ ಮಾಡಿದ್ದನ್ನು, ಅರಿತವನು ಕೃತಜ್ಞ. ಆದ್ದರಿಂದ ಆ ಪದ ಬಂದಲ್ಲೆಲ್ಲ ಉಪಕಾರ ಮಾಡಿದವರೊಬ್ಬರು ಇರಲೇಬೇಕು. ಇಂಗ್ಲಿಷಿನ ‘ಗ್ರೇಟ್‌ಫುಲ್’ ಬಹುಮಟ್ಟಿಗೆ ಹೀಗೆಯೇ ಒಬ್ಬ ವ್ಯಕ್ತಿಯ ಕಡೆಗೆ ಮುಖ ಮಾಡಿರುತ್ತದೆ. ‘ಥ್ಯಾಂಕ್‌ಫುಲ್’ ಪದಕ್ಕೆ ಆ ಕಟ್ಟು ಅಷ್ಟು ಬಿಗಿಯಾಗಿಲ್ಲ: ಮದುವೆಯ ದಿನ ಮಳೆ ಬರಲಿಲ್ಲವೆಂದು ಒಬ್ಬರು ‘ಥ್ಯಾಂಕ್‌ಫುಲ್’ ಆಗಿದ್ದರೆ ಅಲ್ಲಿರುವುದು ನಿಟ್ಟುಸಿರೇ ಹೊರತು ಋಣಭಾವವಲ್ಲ. ಕ್ರಿಯಾವಿಶೇಷಣವಾಗಿ ವಾಕ್ಯದ ತಲೆಯಲ್ಲಿ ಕೂತಾಗಲಂತೂ ಸಮಾಧಾನವಷ್ಟೇ ಉಳಿಯುತ್ತದೆ.

ವ್ಯುತ್ಪತ್ತಿಯನ್ನು ನೋಡಿದರೆ ಇದು ಅಷ್ಟೇನೂ ವಿಚಿತ್ರವೆನಿಸುವುದಿಲ್ಲ. ‘ಥ್ಯಾಂಕ್’ ಮತ್ತು ‘ಥಿಂಕ್’ ಒಂದೇ ಬೇರಿನವು. ಹಳೆಯ ಇಂಗ್ಲಿಷಿನಲ್ಲಿ ಮೊದಲನೆಯದಕ್ಕೂ ಆಲೋಚನೆ ಎಂಬ ಅರ್ಥವಿತ್ತು, ಜರ್ಮನ್ನಿನಲ್ಲಿ ‘ಡಾಂಕೆನ್’ (ಧನ್ಯವಾದ ಹೇಳು) ಮತ್ತು ‘ಡೆಂಕೆನ್’ (ಯೋಚಿಸು) ಇಂದಿಗೂ ಜೋಡಿಯಾಗಿಯೇ ಇವೆ. ನಮ್ಮಲ್ಲಿಯೂ ಉಪಕಾರವನ್ನು ‘ನೆನೆಯುವುದು’ ಎನ್ನುತ್ತೇವೆ, ‘ಉಪಕಾರಸ್ಮರಣೆ’ ಎಂಬ ಸಮಾಸವೂ ಇದೆ.

ಆದರೆ ನನ್ನ ತಿದ್ದುಪಡಿಯೂ ನಿರಾಳವಾಗಿಲ್ಲ. ‘ಸದ್ಯ’ ಎಂಬುದಕ್ಕೆ ‘ಈಗಿನ ಮಟ್ಟಿಗೆ’ ಎಂಬ ಅರ್ಥವೂ ಇರುವುದರಿಂದ, ‘ಸದ್ಯ ಯಾರಿಗೂ ಗಾಯವಾಗಿಲ್ಲ’ ಎಂದರೆ ಮುಂದೆ ಆದೀತೆಂಬ ಧ್ವನಿ ಹೊರಡುತ್ತದೆ. ಮಾತಿನಲ್ಲಿ ‘ಸದ್ಯಾ!’ ಎಂದು ಎಳೆದು ಉಸಿರು ಬಿಡುವುದರಿಂದ ಗೊಂದಲವಾಗದು. ಬರಹದಲ್ಲಿ ಆ ಕೆಲಸವನ್ನು ಒಂದು ಅಲ್ಪವಿರಾಮ ಮಾಡಬೇಕು, ಮುದ್ರಣದಲ್ಲಿ ಮೊದಲು ಬಿದ್ದುಹೋಗುವುದೂ ಅದೇ. ‘ಪುಣ್ಯಕ್ಕೆ’ ಎಂದರೆ ಅರ್ಥ ಸ್ಪಷ್ಟ, ಆದರೆ ವರದಿಗೆ ಅದು ತುಸು ಮನೆಮಾತಿನಂತೆ ಕೇಳುತ್ತದೆ. ಪತ್ರಿಕೆಗಳು ಒಪ್ಪಿಕೊಂಡಿರುವ ‘ಅದೃಷ್ಟವಶಾತ್’ ಎಂಬುದನ್ನೇ ಕೊನೆಗೆ ಉಳಿಸಿದೆನಾದರೂ, ಅದರಲ್ಲಿ ಸಮಾಧಾನದ ಉಸಿರು ಕೇಳಿಸುವುದಿಲ್ಲವೆಂಬ ಕೊರಗು ನನಗಿದೆ.

ಇದಕ್ಕಿಂತ ಕಠಿಣವಾಗಿ ಕಂಡದ್ದು ಅದೇ ವರದಿಯ ‘ಥ್ಯಾಂಕ್‌ಲೆಸ್’ ಎಂಬ ಪದ. ರಾತ್ರಿಯಿಡೀ ಬಸ್ಸನ್ನು ಮೇಲೆತ್ತಿದವರ ಕೆಲಸಕ್ಕೆ ಹಾಕಿದ್ದ ವಿಶೇಷಣ ಅದು. ಅನುವಾದಕರು ‘ಕೃತಘ್ನ ಕೆಲಸ’ ಎಂದಿದ್ದಾರೆ. ಮಾಡಿದ ಉಪಕಾರವನ್ನು ಕೊಲ್ಲುವವನು ಕೃತಘ್ನನಾಗುವುದರಿಂದ ಆ ಬೈಗುಳ ಕೆಲಸದ ಮೇಲೆಯೇ ಬಿದ್ದಂತಾಯಿತು. ‘ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ’ ಎನ್ನೋಣವೆಂದರೆ ಅಲ್ಲಿ ಶ್ರಮವೇ ವ್ಯರ್ಥ, ಇಲ್ಲಿ ಬಸ್ಸು ಮೇಲೆ ಬಂದಿದೆ. ಕೆಲಸ ಕೈಗೂಡಿಯೂ ಮಾಡಿದವರಿಗೆ ಒಂದು ಒಳ್ಳೆಯ ಮಾತು ಸಿಗದ ಈ ಸ್ಥಿತಿಗೆ ತಮ್ಮ ತಮ್ಮ ಸೀಮೆಯಲ್ಲಿ ಬಳಕೆಯಲ್ಲಿರುವ ಪದವನ್ನೋ ನುಡಿಗಟ್ಟನ್ನೋ ಬಲ್ಲವರು ದಯವಿಟ್ಟು ತಿಳಿಸಬೇಕು.