ಸೈಕಲ್ಲಿಗೆ ಮಗುವಿನ ಟ್ರೇಲರ್ ಕಟ್ಟಿದರೆ ಹಿಂದಿನಿಂದ ಟಕ್ ಟಕ್ ಸದ್ದು, ಇಳಿಜಾರಿನಲ್ಲಿ ಓಲಾಟ. ಎಲ್ಲಿ ತಪ್ಪಾಗಿದೆ?

ಸಾಲಗಾಮೆ ಸೈಕಲ್:

ಎಲ್ಲರಿಗೂ ನಮಸ್ಕಾರ. ನಾವು ಹಾಸನದವರು. ಮಗಳಿಗೆ ಎರಡೂವರೆ ವರ್ಷ, ತೂಕ 12 ಕೆಜಿ. ನೆಂಟರೊಬ್ಬರು ತಮ್ಮ ಮಕ್ಕಳು ದೊಡ್ಡವರಾದರು ಅಂತ, ಸೈಕಲ್ಲಿನ ಹಿಂದೆ ಕಟ್ಟಿ ಎಳೆಯುವ ಹಳೇ ಟ್ರೇಲರ್ ಕೊಟ್ಟರು. ಎರಡು ಚಕ್ರದ್ದು, ಇಬ್ಬರು ಮಕ್ಕಳು ಕೂರಬಹುದು. ನನ್ನದು ಮಾಮೂಲಿ ಗೇರ್ ಸೈಕಲ್. ಹಿಂದಿನ ಚಕ್ರಕ್ಕೆ ಎರಡೂ ಕಡೆ ನಟ್ ಇದೆ, ಕೈಯಿಂದಲೇ ಚಕ್ರ ಬಿಚ್ಚುವ ಕ್ವಿಕ್ ರಿಲೀಸ್ ಹಿಡಿ ಇಲ್ಲ.

ಮೂರು ಭಾನುವಾರ ಬೆಳಿಗ್ಗೆ ವಿದ್ಯಾನಗರದಿಂದ ಮಹಾರಾಜ ಪಾರ್ಕಿಗೆ ಹೋಗಿ ಬಂದೆವು. ಅವಳಿಗಂತೂ ಹಬ್ಬ. ದಾರಿಯಲ್ಲಿ ಕಂಡ ಹಸು, ನಾಯಿ, ಹಾಲಿನ ಗಾಡಿ ಎಲ್ಲಕ್ಕೂ ಟಾಟಾ ಮಾಡುತ್ತಾಳೆ. ಆದರೆ ಎರಡನೇ ವಾರದಿಂದ ಪೆಡಲ್ ಜೋರಾಗಿ ತುಳಿದರೆ ಹಿಂದಿನಿಂದ ಟಕ್ ಟಕ್ ಅನ್ನುತ್ತದೆ. ಏರಿನಲ್ಲಿ ಜಾಸ್ತಿ. ಇಳಿಜಾರಿನಲ್ಲಿ ಟ್ರೇಲರ್ ಬಾಲ ಆಡಿಸಿದ ಹಾಗೆ ಅತ್ತ ಇತ್ತ ಓಲಾಡುತ್ತದೆ. ಖಾಲಿ ಎಳೆದರೆ ಸದ್ದೇ ಇಲ್ಲ.

ಒಂದು ಅಂಗಡಿಯಲ್ಲಿ ತೋರಿಸಿದೆ. ಟ್ರೇಲರಿನ ಜಾಯಿಂಟ್ ಸವೆದಿದೆ, ಹೊಸದೇ ತಗೊಳ್ಳಿ ಅಂದರು. ಜಾಯಿಂಟಿಗೆ ರಬ್ಬರ್ ಸುತ್ತಿದೆ, ಗ್ರೀಸ್ ಹಾಕಿದೆ. ಏನೂ ಬದಲಾಗಲಿಲ್ಲ. ಈಗ ಮಗುವನ್ನು ಕೂರಿಸಲು ಧೈರ್ಯ ಬರುತ್ತಿಲ್ಲ. ದಯವಿಟ್ಟು ಯಾರಾದರೂ ಹೇಳಿ.

ಹೇಮಾವತಿ ದಡ:

ಟ್ರೇಲರಿನ ಎರಡೂ ಟೈರಿನ ಗಾಳಿ ನೋಡಿದಿರಾ? ಒಂದರಲ್ಲಿ ಕಡಿಮೆ ಇದ್ದರೆ ಆ ಕಡೆಗೇ ಎಳೆಯುತ್ತದೆ. ಟ್ರೇಲರಿನ ಚಕ್ರಗಳು ಕ್ಲಿಕ್ ಅನ್ನುವವರೆಗೂ ಒಳಗೆ ಹೋಗಿ ಕೂತಿವೆಯಾ ಅಂತಲೂ ನೋಡಿ.

ಗಿರಿ ತಪ್ಪಲು:

ಮೊದಲ ಮಾತು, ಇದು ಸರಿಯಾಗುವವರೆಗೆ ಮಗುವನ್ನು ಕೂರಿಸಬೇಡಿ. ನೀವು ಈಗಾಗಲೇ ನಿಲ್ಲಿಸಿರುವುದು ಒಳ್ಳೆಯದಾಯಿತು.

ಜಾಯಿಂಟ್ ಸವೆದಿದ್ದರೆ ಖಾಲಿ ಎಳೆದಾಗಲೂ ಸ್ವಲ್ಪವಾದರೂ ಸದ್ದು ಬರಬೇಕಿತ್ತು. ನನಗೆ ಅನುಮಾನ ಇರುವುದು ಸೈಕಲ್ಲಿನ ಹಿಂದಿನ ಆಕ್ಸಲ್, ಅಂದರೆ ಚಕ್ರದ ನಡುವೆ ಹಾದುಹೋಗುವ ಕಬ್ಬಿಣದ ಸರಳಿನ ಮೇಲೆ. ಮೂರು ವಿಷಯ ನೋಡಿ ಹೇಳಿ. ಎಡಗಡೆ ಆಕ್ಸಲ್ ಮೇಲೆ ಫ್ರೇಮಿಗೂ ನಟ್ಟಿಗೂ ನಡುವೆ ಏನೇನು ಇದೆ? ನಟ್ ಬಿಚ್ಚುವಾಗ ಎಷ್ಟು ಸುತ್ತಿಗೆ ಕೈಗೆ ಬರುತ್ತದೆ, ಎಣಿಸಿ. ಆಮೇಲೆ ಪೆಡಲ್ ಕಡೆಯಿಂದ ಹಿಂದಿನ ಚಕ್ರಕ್ಕೆ ಹೋಗುವ ಎಡಗಡೆ ಪೈಪಿನ ಒಳಮೈ ನೋಡಿ, ಟೈರ್ ಉಜ್ಜಿದ ಕಪ್ಪು ಗುರುತು ಇದೆಯಾ?

ಸಾಲಗಾಮೆ ಸೈಕಲ್:

ಸರ್, ಈಗಷ್ಟೇ ಬಿಚ್ಚಿ ನೋಡಿದೆ. ಫ್ರೇಮಿನ ಮೇಲೆ ಸೈಡ್ ಸ್ಟ್ಯಾಂಡಿನ ಪ್ಲೇಟ್, ಅದರ ಮೇಲೆ ಮಡ್‌ಗಾರ್ಡ್ ಕಡ್ಡಿ, ಅದರ ಮೇಲೆ ಕ್ಯಾರಿಯರ್ ಕಾಲು, ಆಮೇಲೆ ಟ್ರೇಲರಿನ ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ), ವಾಷರ್, ಕೊನೆಗೆ ನಟ್. ಮೂರೂವರೆ ಸುತ್ತಿಗೇ ನಟ್ ಕೈಗೆ ಬಂತು! ಕಪ್ಪು ಗುರುತೂ ಇದೆ. ಬೆರಳಷ್ಟು ಅಗಲ, ಪೇಂಟ್ ಹೋಗಿ ಲೋಹ ಕಾಣುತ್ತಿದೆ.

ಗಿರಿ ತಪ್ಪಲು:

ಅಲ್ಲೇ ಇದೆ ರೋಗ. ಟ್ರೇಲರಿನ ತಪ್ಪಲ್ಲ, ಅದನ್ನು ಬಿಸಾಡಬೇಡಿ.

ಹೇಗೆ ಅಂದರೆ, ಚೈನ್ ಇರುವುದು ಬಲಗಡೆ. ನೀವು ತುಳಿದಾಗಲೆಲ್ಲ ಅದು ಆಕ್ಸಲ್ಲಿನ ಬಲ ತುದಿಯನ್ನು ಮುಂದಕ್ಕೆ ಎಳೆಯುತ್ತದೆ. ಟ್ರೇಲರ್ ಸಿಕ್ಕಿಸಿರುವುದು ಎಡಗಡೆ. ಅದು ಎಡ ತುದಿಯನ್ನು ಹಿಂದಕ್ಕೆ ಎಳೆಯುತ್ತದೆ. ಎರಡೂ ಸೇರಿ ಚಕ್ರವನ್ನು ಒಂದೇ ದಿಕ್ಕಿಗೆ ತಿರುಚುತ್ತವೆ. ನಟ್ ಗಟ್ಟಿಯಾಗಿದ್ದರೆ ಚಕ್ರ ಜಗ್ಗುವುದಿಲ್ಲ. ಮೂರೂವರೆ ಸುತ್ತಿನ ಹಿಡಿತಕ್ಕೆ ಅದು ತಡೆಯಲ್ಲ. ತುಳಿದಾಗ ಚಕ್ರ ವಾಲುತ್ತದೆ, ಟೈರ್ ಎಡ ಪೈಪಿಗೆ ತಾಗುತ್ತದೆ, ಬಿಟ್ಟಾಗ ವಾಪಸ್ ಬರುತ್ತದೆ. ಅದೇ ನಿಮ್ಮ ಟಕ್ ಟಕ್. ಖಾಲಿ ಟ್ರೇಲರಿಗೆ ಅಷ್ಟು ಎಳೆತ ಇಲ್ಲ, ಹಾಗಾಗಿ ಸದ್ದೂ ಇಲ್ಲ.

ನಮ್ಮ ಕಡೆ ಸೈಕಲ್ಲುಗಳಲ್ಲಿ ಸ್ಟ್ಯಾಂಡ್, ಕ್ಯಾರಿಯರ್ ಎಲ್ಲ ಆ ಒಂದು ಆಕ್ಸಲ್ಲಿಗೇ ಜೋಡಿಸುತ್ತಾರೆ. ಹಿಚ್ ಮಾಡಿದವರು ಇದನ್ನೆಲ್ಲ ಎಣಿಸಿರುವುದಿಲ್ಲ. ಅದು ಫ್ರೇಮಿಗೆ ನೇರವಾಗಿ, ಸಮತಟ್ಟಾಗಿ ಕೂರಬೇಕು. ಅಲುಗಾಡುವ ತಗಡುಗಳ ಮೇಲೆ ಕೂತರೆ ಎಷ್ಟು ಬಿಗಿ ಮಾಡಿದರೂ ಸಡಿಲವಾಗುತ್ತದೆ.

ಮಾಡಬೇಕಾದ್ದು: ಸೈಡ್ ಸ್ಟ್ಯಾಂಡ್ ತೆಗೆಯಿರಿ. ಬೇಕೇ ಬೇಕಾದರೆ ಪೆಡಲ್ ಹಿಂದೆ, ಫ್ರೇಮಿನ ಮಧ್ಯಕ್ಕೆ ಹಾಕುವ ಸ್ಟ್ಯಾಂಡ್ ಸಿಗುತ್ತದೆ. ಕ್ಯಾರಿಯರ್ ಕಾಲು, ಮಡ್‌ಗಾರ್ಡ್ ಕಡ್ಡಿಗೆ ಫ್ರೇಮಿನಲ್ಲಿ ಬೇರೆ ತೂತು ಇದ್ದರೆ ಅಲ್ಲಿಗೆ ಹಾಕಿ, ಇಲ್ಲದಿದ್ದರೆ ಕಳಚಿ. ಆಮೇಲೂ ನಟ್ ಆರೇಳು ಸುತ್ತು ಹಿಡಿಯದಿದ್ದರೆ ಉದ್ದದ ಆಕ್ಸಲ್ ಹಾಕಿಸಿ. ಹಳೇ ಸೈಕಲ್ ಅಂಗಡಿಗಳಲ್ಲಿ ಸಿಗುತ್ತದೆ, ದೊಡ್ಡ ಖರ್ಚಲ್ಲ. ಕೋನ್ (ಆಕ್ಸಲ್ ಮೇಲೆ ಬೇರಿಂಗ್ ಗುಂಡುಗಳನ್ನು ಒತ್ತಿ ಹಿಡಿಯುವ ನಟ್ಟು) ಮಾತ್ರ ಪಕ್ಕದಲ್ಲಿ ನಿಂತು ಸೆಟ್ ಮಾಡಿಸಿ. ಚಕ್ರ ಅಲ್ಲಾಡಲೂಬಾರದು, ತಿರುಗುವಾಗ ಹಿಡಿಯಲೂಬಾರದು.

ಇನ್ನೊಂದು, ಇಳಿಜಾರಿನ ಓಲಾಟಕ್ಕೆ ಇದೊಂದೇ ಕಾರಣ ಇರಲಿಕ್ಕಿಲ್ಲ. ಟ್ರೇಲರಿನ ಹಿಂದಿನ ಚೀಲದಲ್ಲಿ ಏನಿಡುತ್ತೀರಿ?

ಸಾಲಗಾಮೆ ಸೈಕಲ್:

ನೀರಿನ ಬಾಟಲಿ ಎರಡು, ಬಟ್ಟೆ, ಪಂಪು, ಬರುವಾಗ ತರಕಾರಿ.

ಗಿರಿ ತಪ್ಪಲು:

ತರಕಾರಿ ನಿಮ್ಮ ಬೆನ್ನಿನ ಬ್ಯಾಗಿಗೆ ಬರಲಿ. ಚಕ್ರದ ಹಿಂದೆ ಭಾರ ಜಾಸ್ತಿಯಾದರೆ ಟ್ರೇಲರಿನ ಮೂತಿ ಮೇಲೇಳುತ್ತದೆ, ಆಗ ಓಲಾಡುತ್ತದೆ. ಮಗು ಕೂತಿರುವಾಗ ಹಿಚ್ ಕಳಚಿ ಎಳೆಯುವ ಕೋಲನ್ನು ಕೈಯಲ್ಲಿ ಎತ್ತಿ ನೋಡಿ. ಕೈಗೆ ಸ್ವಲ್ಪ ಭಾರ ಸಿಗಬೇಕು. ಹಗುರವಾಗಿ ತೇಲಿದರೆ ಸಾಮಾನು ಮುಂದಕ್ಕೆ ತನ್ನಿ. ಒಂದೇ ಮಗು ಅಲ್ವಾ, ಬೆಲ್ಟ್ ಸಿಗುವುದಾದರೆ ಮಧ್ಯದಲ್ಲೇ ಕೂರಿಸಿ.

ಕೋಲಿನ ತುದಿಯಲ್ಲಿ ಒಂದು ಪಟ್ಟಿ ನೇತಾಡುತ್ತಿರುತ್ತದೆ. ಅದನ್ನು ಫ್ರೇಮ್ ಸುತ್ತ ಬಳಸಿ ಕೊಕ್ಕೆ ಹಾಕಲೇಬೇಕು. ಹಿಚ್ ಕಳಚಿಕೊಂಡರೆ ಮಗುವನ್ನು ಹಿಡಿದಿಡುವುದು ಅದೊಂದೇ.

ವೇಗದ ಬಗ್ಗೆಯೂ ಹೇಳಿಬಿಡುತ್ತೇನೆ. ನೇರ ರಸ್ತೆಯಲ್ಲೂ ಗಂಟೆಗೆ 20 ಕಿ.ಮೀ. ದಾಟಬೇಡಿ, ತಿರುವಿನಲ್ಲಿ ನಡಿಗೆಗಿಂತ ಸ್ವಲ್ಪವೇ ಜಾಸ್ತಿ. ಚಿಕ್ಕಮಗಳೂರಿನಲ್ಲಿ ಇದ್ದುಕೊಂಡು ನಾನು ಇಲ್ಲಿನ ಗಿರಿ ರಸ್ತೆಯ ಕೈಮರದಿಂದ ಮೇಲಕ್ಕೆ ಟ್ರೇಲರ್ ಒಯ್ದದ್ದಿಲ್ಲ, ಒಯ್ಯುವುದೂ ಇಲ್ಲ. ಹತ್ತಬಹುದು, ಇಳಿಯುವಾಗ ಹಿಂದಿನ ಭಾರ ಸೈಕಲ್ಲನ್ನು ತಳ್ಳುತ್ತದೆ. ಹಾಸನದ ಸಣ್ಣ ಇಳಿಜಾರಿಗೂ ಬ್ರೇಕ್ ಮುಂಚೆಯೇ ಹಿಡಿಯಿರಿ.

ಅರಳಿಕಟ್ಟೆ:

ನಾನೂ ಇಬ್ಬರು ಮಕ್ಕಳನ್ನು ಎಳೆದಿದ್ದೇನೆ. ಯಾರೂ ಹೇಳದ ಒಂದು ವಿಷಯ. ಟ್ರೇಲರ್ ಸೈಕಲ್ಲಿಗಿಂತ ಅಗಲ. ನಾವು ಅಭ್ಯಾಸದಂತೆ ಟಾರಿನ ಅಂಚಿನಲ್ಲೇ ಹೋಗುತ್ತೇವೆ, ಎಡಗಡೆ ಚಕ್ರ ಮಣ್ಣಿಗೆ ಇಳಿದುಬಿಡುತ್ತದೆ. ಅಂಚಿನಿಂದ ಎರಡು ಮೂರು ಅಡಿ ಒಳಗೆ ಹೋಗಿ. ಉದ್ದನೆ ಕೋಲಿನ ಬಾವುಟ ಮರೆಯಬೇಡಿ, ಲಾರಿಯವರಿಗೆ ಕಾಣುವುದು ಅದೇ. ಬಿ.ಎಂ. (ಬೆಂಗಳೂರು-ಮಂಗಳೂರು) ರಸ್ತೆಗಂತೂ ಟ್ರೇಲರ್ ಬೇಡವೇ ಬೇಡ.

ಹಂಪ್ ಬಂದರೆ ಓರೆಯಾಗಿ ಹತ್ತಿಸಬೇಡಿ. ಒಂದೇ ಚಕ್ರ ಮೇಲೇರಿ ಟ್ರೇಲರ್ ವಾಲುತ್ತದೆ. ನೇರವಾಗಿ, ನಿಧಾನವಾಗಿ.

ಮಗಳು ನಿದ್ದೆ ಮಾಡುತ್ತಾಳಾ? ಹೆಲ್ಮೆಟ್ ಹಿಂಭಾಗ ಉಬ್ಬಿದ್ದರೆ ಸೀಟಿಗೆ ತಾಗಿ ತಲೆ ಮುಂದಕ್ಕೆ ಬಾಗುತ್ತದೆ, ಗಲ್ಲ ಎದೆಗೆ ಒತ್ತುತ್ತದೆ. ಹೆಲ್ಮೆಟ್ ತೆಗೆಯಬೇಡಿ. ಬೆನ್ನಿನ ಹಿಂದೆ, ಭುಜದವರೆಗೆ ಮಾತ್ರ, ತೆಳ್ಳಗೆ ಮಡಚಿದ ಟವೆಲ್ ಇಡಿ. ಹೆಲ್ಮೆಟ್ಟಿಗೆ ಹಿಂದೆ ಜಾಗ ಸಿಗುತ್ತದೆ. ಆಮೇಲೆ ಬೆಲ್ಟ್ ಮತ್ತೆ ಬಿಗಿ ಮಾಡಿ.

ಸಾಲಗಾಮೆ ಸೈಕಲ್ (ಹತ್ತು ದಿನದ ನಂತರ):

ಸರಿಯಾಯಿತು! ಸ್ಟ್ಯಾಂಡ್, ಕ್ಯಾರಿಯರ್ ತೆಗೆದೆ. ಉದ್ದದ ಆಕ್ಸಲ್ ಹಾಕಿಸಿದೆ. ನಟ್ ಈಗ ಎಂಟು ಸುತ್ತು ಹಿಡಿಯುತ್ತದೆ. ಬಿಗಿ ಮಾಡಿದ ಮೇಲೆ ಹೆಂಡತಿಯ ನೇಲ್ ಪಾಲಿಶ್‌ನಿಂದ ನಟ್ ಮೇಲಿಂದ ಹಿಚ್‌ವರೆಗೆ ಒಂದು ಕೆಂಪು ಗೆರೆ ಎಳೆದೆ. ನಟ್ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿಯುತ್ತದೆ.

ಮಗುವಿನ ಬದಲು 15 ಕೆಜಿ ಆಲೂಗಡ್ಡೆ ಚೀಲಕ್ಕೆ ಬೆಲ್ಟ್ ಕಟ್ಟಿ ಸಾಲಗಾಮೆ ರಸ್ತೆಯಲ್ಲಿ ಆರು ಕಿ.ಮೀ. ಹೋಗಿ ಬಂದೆ. ಏರಿನಲ್ಲಿ ಎದ್ದು ನಿಂತು ತುಳಿದರೂ ಸದ್ದಿಲ್ಲ, ಗೆರೆ ಹಾಗೇ ಇದೆ. ಈ ಭಾನುವಾರ ಮಗಳನ್ನು ಕೂರಿಸಿದೆ. ಟವೆಲ್ ಇಟ್ಟಿದ್ದೆ. ಬರುವಾಗ ತಲೆ ನೆಟ್ಟಗೆ ಇಟ್ಟುಕೊಂಡೇ ಮಲಗಿಬಿಟ್ಟಳು. ಎಲ್ಲರಿಗೂ ಮನಸಾರೆ ವಂದನೆ.

ಗಿರಿ ತಪ್ಪಲು:

ಓದಿ ತುಂಬಾ ಸಂತೋಷವಾಯಿತು. ಹೊಸ ಆಕ್ಸಲ್ ಮೊದಮೊದಲು ಸ್ವಲ್ಪ ಕೂತುಕೊಳ್ಳುತ್ತದೆ. 50 ಕಿ.ಮೀ. ಆದ ಮೇಲೆ ಎರಡೂ ನಟ್ಟುಗಳನ್ನು ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ, ಬಲಗಡೆಯದಕ್ಕೂ ಗೆರೆ ಎಳೆಯಿರಿ.