1959ರ ಜಾಝ್: ಯಾವುದರಿಂದ ಶುರು ಮಾಡಬೇಕು? ಎಲ್‌ಪಿಯ ಮೊದಲ ಬದಿಗೆ ಶ್ರುತಿ ಯಾಕೆ ಕೂಡುವುದಿಲ್ಲ?

ಪ್ರಶ್ನೆ:
ಕರ್ನಾಟಕ ಸಂಗೀತದ ಪಿಟೀಲು ನುಡಿಸುವವರು 1959ರ ಜಾಝ್‌ನಲ್ಲಿ ಯಾವುದನ್ನು ಮೊದಲು ಕೇಳಬೇಕು, ಏನನ್ನು ಗಮನಿಸಬೇಕು? ಇನ್ನೊಂದು ವಿಷಯ: ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಹಳೆಯ ಎಲ್‌ಪಿಯ ಮೊದಲ ಬದಿ ಶ್ರುತಿಪೆಟ್ಟಿಗೆಗಿಂತ ತುಸು ಏರಿಯೇ ಇರುತ್ತದೆ. ಎರಡನೇ ಬದಿ ಸರಿಯಾಗಿ ಕೂಡುತ್ತದೆ. ಪ್ಲೇಯರ್ ದೋಷವೇ?

ಉತ್ತರ 1:
ಪ್ಲೇಯರ್ ಸರಿಯಾಗಿಯೇ ಇದೆ. ಮೊದಲ ಬದಿಯ ಮೂರೂ ರಚನೆಗಳು ಮಾರ್ಚ್ 2ರಂದು ನ್ಯೂಯಾರ್ಕಿನಲ್ಲಿ ಮುದ್ರಣವಾದವು. ಅಂದು ಮುಖ್ಯ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡುತ್ತಿತ್ತು. ನಿಧಾನವಾಗಿ ಮುದ್ರಿಸಿದ್ದನ್ನು ಸರಿಯಾದ ವೇಗದಲ್ಲಿ ಓಡಿಸಿದರೆ ಶ್ರುತಿ ಏರುತ್ತದೆ. ಎರಡನೇ ಬದಿ ಏಪ್ರಿಲ್ 22ರದ್ದು, ಅದಕ್ಕೆ ಈ ತೊಂದರೆ ಇಲ್ಲ. ತಿದ್ದಿದ ಪ್ರತಿ ಬಂದದ್ದು 1992ರಲ್ಲಿ. ಟರ್ನ್‌ಟೇಬಲ್‌ನಲ್ಲಿ ಪಿಚ್ ಸ್ಲೈಡರ್ (ವೇಗ ಹೊಂದಿಸುವ ಗುಂಡಿ) ಇದ್ದರೆ ಶ್ರುತಿಪೆಟ್ಟಿಗೆಯನ್ನು ‘ಡಿ’ಗೆ ಇಟ್ಟು ಆ ಬದಿಯ ಮೊದಲ ರಚನೆ ‘ಸೋ ವಾಟ್’ ಹಾಕಿ. ಬೇಸ್‌ನ ಷಡ್ಜ ಶ್ರುತಿಯಲ್ಲಿ ಕರಗುವವರೆಗೆ ಸ್ಲೈಡರ್ ಇಳಿಸಿ. ಬದಿ ಬದಲಿಸುವಾಗ ಮರೆಯದೆ ಸೊನ್ನೆಗೆ ತನ್ನಿ.

ಉತ್ತರ 2:
ಶುರು ಮಾಡುವುದಕ್ಕೆ ‘ಸೋ ವಾಟ್’ಗಿಂತ ಒಳ್ಳೆಯದಿಲ್ಲ. ಒಂದು ಸುತ್ತಿಗೆ 32 ಬಾರ್ (ಬಾರ್ ಎಂದರೆ ಇಲ್ಲಿ ನಾಲ್ಕೆಣಿಕೆಯ ಒಂದು ಆವರ್ತ): 16 ಬಾರ್ ಡಿ ಡೋರಿಯನ್, 8 ಬಾರ್ ಇ-ಫ್ಲಾಟ್ ಡೋರಿಯನ್, ಮತ್ತೆ 8 ಬಾರ್ ಡಿ. ಡೋರಿಯನ್ ಎಂಬ ಸ್ವರಶ್ರೇಣಿಯ ಸ್ವರಗಳು ನಮ್ಮ ಖರಹರಪ್ರಿಯ ರಾಗದವೇ. ಆದರೆ ನಡುವಿನ ಎಂಟು ಬಾರ್‌ನಲ್ಲಿ ಆಧಾರ ಷಡ್ಜವೇ ಅರ್ಧ ಸ್ವರ ಮೇಲೆ ಹೋಗುತ್ತದೆ. ಇದನ್ನು ಗ್ರಹಭೇದ (ಸ್ವರಗಳನ್ನು ಹಾಗೇ ಇಟ್ಟು ಷಡ್ಜ ಮಾತ್ರ ಬದಲಿಸುವುದು) ಎಂದುಕೊಳ್ಳಬೇಡಿ, ಇಲ್ಲಿ ಸ್ವರಗಳೂ ಜೊತೆಗೇ ಸರಿಯುತ್ತವೆ. ತಂಬೂರಿ ಹಾಕಿಕೊಂಡು ನುಡಿಸಿದರೆ ಅಷ್ಟೂ ಹೊತ್ತು ಅಪಸ್ವರ, ಆದ್ದರಿಂದ ಶ್ರುತಿ ಕೂಡಿಸಿಕೊಂಡ ಮೇಲೆ ನಿಲ್ಲಿಸಿಬಿಡಿ.

ಡೇವಿಸ್ ತಂಡದ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಮೇ ತಿಂಗಳಲ್ಲಿ ಮುದ್ರಿಸಿದ ‘ಜಯಂಟ್ ಸ್ಟೆಪ್ಸ್’ (ಬಿಡುಗಡೆ 1960) ಇದಕ್ಕೆ ಪೂರ್ತಿ ವಿರುದ್ಧ. 16 ಬಾರ್‌ನೊಳಗೆ ಷಡ್ಜ ಬಿ, ಜಿ, ಇ-ಫ್ಲಾಟ್ ನಡುವೆ ಓಡಾಡುತ್ತಲೇ ಇರುತ್ತದೆ. ಪಿಯಾನೊದ ಟಾಮಿ ಫ್ಲಾನಗನ್ ಅವರಂಥವರ ಸೋಲೊ ಕೂಡ ತಡವರಿಸುತ್ತದೆ. ಅಭ್ಯಾಸಕ್ಕೆ ಮೆಟ್ರೊನೋಮ್ 60ಕ್ಕೆ ಇಟ್ಟು ಪ್ರತಿ ಕಾರ್ಡ್‌ನ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿನ) ಮೇಲೆ ಸ-ರಿ-ಗ-ಪ (ಚತುಶ್ರುತಿ ರಿಷಭ, ಅಂತರ ಗಾಂಧಾರ; ಮೈನರ್ ಕಾರ್ಡ್ ಬಂದರೆ ಸಾಧಾರಣ ಗಾಂಧಾರ) ಮಾತ್ರ ನುಡಿಸಿ. ಕೋಲ್ಟ್ರೇನ್ ಕೂಡ ಆ ಸೋಲೊದಲ್ಲಿ ಮತ್ತೆ ಮತ್ತೆ ಹಿಡಿಯುವುದು ಈ ನಾಲ್ಕು ಸ್ವರಗಳ ಗುಚ್ಛವನ್ನೇ. ವೇಗ ಆಮೇಲೆ.

ಉತ್ತರ 3:
ಲಯದ ಕಡೆಯಿಂದ ಬರುವವರಿಗೆ ಪಿಯಾನೊ ವಾದಕ ಡೇವ್ ಬ್ರೂಬೆಕ್ ಅವರ ‘ಟೈಮ್ ಔಟ್’ ಎಲ್‌ಪಿ. ‘ಟೇಕ್ ಫೈವ್’ ಐದರ ಎಣಿಕೆ ಎಂದು ಖಂಡದ ‘ತಕ ತಕಿಟ’ ಹಾಕಿದರೆ ಒತ್ತು ತಪ್ಪುತ್ತದೆ. ಅದು 3+2, ‘ತಕಿಟ ತಕ’. ಅದರದೇ ‘ಬ್ಲೂ ರೊಂಡೊ’ ಒಂಬತ್ತರ ಎಣಿಕೆ: ‘ತಕ ತಕ ತಕ ತಕಿಟ’ ಮೂರು ಸಲ, ನಾಲ್ಕನೆಯ ಸಲ ‘ತಕಿಟ ತಕಿಟ ತಕಿಟ’. ಸೋಲೊ ಬಂದಾಗ ಸಾಮಾನ್ಯ ನಾಲ್ಕರ ಬ್ಲೂಸ್‌ಗೆ ಇಳಿಯುತ್ತದೆ, ಅಲ್ಲೂ ಒಂಬತ್ತು ಹುಡುಕಬೇಡಿ.

ಉತ್ತರ 4:
ಸ್ಯಾಕ್ಸೋಫೋನ್ ವಾದಕ ಆರ್ನೆಟ್ ಕೋಲ್ಮನ್ ಅವರನ್ನು ಬಿಟ್ಟರೆ 1959 ಅರ್ಧಕ್ಕೇ ನಿಲ್ಲುತ್ತದೆ. ‘ದಿ ಶೇಪ್ ಆಫ್ ಜಾಝ್ ಟು ಕಮ್’ನಲ್ಲಿ ಪಿಯಾನೊ ಇಲ್ಲ, ಹಾಗಾಗಿ ಕಾರ್ಡ್‌ಗಳ ಕಟ್ಟುಪಾಡೂ ಸಡಿಲ. ‘ಲೋನ್ಲಿ ವುಮನ್’ನಲ್ಲಿ ಡ್ರಮ್ ವೇಗವಾಗಿ ಓಡುತ್ತದೆ, ಮೇಲೆ ರಾಗ ವಿಳಂಬದಲ್ಲಿ ತೇಲುತ್ತದೆ. ಎರಡನ್ನೂ ಒಂದೇ ತಾಳಕ್ಕೆ ಕೂಡಿಸಲು ಹೊರಟರೆ ದಾರಿ ತಪ್ಪುತ್ತದೆ. ಮೊದಲ ಸಲ ಕೇಳುವಾಗ ಚಾರ್ಲಿ ಹೇಡನ್ ಅವರ ಬೇಸ್ ಒಂದನ್ನೇ ಹಿಡಿದುಕೊಳ್ಳಿ, ಸ್ಯಾಕ್ಸೋಫೋನನ್ನು ಎರಡನೇ ಸಲ ಕೇಳಿ.